ಇಲಿಗಳ ಪರವಾಗಿ ಸಭೆಯಲ್ಲಿ ಕೂರಲು ಕರೆದಿದ್ದಾರೆ. ಹೋಗಿ ಏನು ಕೇಳಲಿ?

ಹಳೇ ಮೇಷ್ಟ್ರು · ಭಾನುವಾರ ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ನಾನು 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ವಿಜ್ಞಾನ ನನಗೆ ಎಸ್ಸೆಸ್ಸೆಲ್ಸಿಗೇ ಮುಗಿಯಿತು.

ನಮ್ಮ ಕಡೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಇಲಿ, ಮೊಲ ಇಟ್ಟುಕೊಂಡು ಪ್ರಯೋಗ ಮಾಡುತ್ತಾರೆ. ಅದಕ್ಕೆ ಮೊದಲು ಕಾಲೇಜಿನ ಪ್ರಾಣಿ ಎಥಿಕ್ಸ್ ಕಮಿಟಿ ಒಪ್ಪಬೇಕು. ಆ ಕಮಿಟಿಯಲ್ಲಿ ವಿಜ್ಞಾನಿ ಅಲ್ಲದ, ಹೊರಗಿನ ಒಬ್ಬರು ಇರಲೇಬೇಕು ಅಂತ ಕೇಂದ್ರದ ನಿಯಮ. ಯಾರೋ ನನ್ನ ಹೆಸರು ಕಳಿಸಿದ್ದರು. ದೆಹಲಿಯಿಂದ ನೇಮಕದ ಪತ್ರ ಬಂದಿದೆ. ಮೊನ್ನೆ ಪ್ರಪೋಸಲ್‌ಗಳ ಕಟ್ಟು ಕೂಡ ಬಂತು. ಮೂರಿವೆ. ಸಭೆಗೆ ಇನ್ನೂ ಎರಡು ವಾರ ಇದೆ.

ಓದಿದೆ. ಅರ್ಧ ಅರ್ಥವಾಗಲಿಲ್ಲ. ಅರ್ಥವಾದ ಅರ್ಧದಲ್ಲಿ ಒಂದು ಪದ ಗಂಟಲಿಗೆ ಸಿಕ್ಕಿಕೊಂಡಿದೆ. ಪ್ರತಿ ಪ್ರಪೋಸಲ್ ಕೊನೆಯಲ್ಲೂ ‘ಪ್ರಾಣಿಗಳನ್ನು ಸ್ಯಾಕ್ರಿಫೈಸ್ ಮಾಡಲಾಗುವುದು’ ಅಂತ ಇದೆ. ಕನ್ನಡದಲ್ಲಿ ಅದು ಬಲಿ ಅಲ್ವಾ? ಬಲಿ ಅಂದರೆ ಯಾರಿಗೋ ಕೊಡುವುದು. ಇಲ್ಲಿ ಕೊಡುವುದು ಯಾರಿಗೆ?

ನಮ್ಮ ಮನೆಯವಳು ನಗುತ್ತಿದ್ದಾಳೆ. ‘ಅಟ್ಟದ ಇಲಿಗೆ ಪಾಷಾಣ ಇಟ್ಟವರು ನೀವೇ, ಈಗ ಇಲಿ ಪರ ವಕಾಲತ್ತು ಹಾಕ್ತೀರಾ?’ ಅಂತ. ಅವಳ ಮಾತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ತಿಳಿದವರು ಹೇಳಿ. ಹೋಗಬೇಕಾ? ಹೋದರೆ ಸುಮ್ನೆ ಚಹಾ ಕುಡಿದು ಸಹಿ ಹಾಕಿ ಬರಲು ಇಷ್ಟವಿಲ್ಲ.

ಎಂಫಾರ್ಮ್ ಮುಗಿಸಿದವಳು · ಭಾನುವಾರ 9:15

ಮೇಷ್ಟ್ರೇ, ದಯವಿಟ್ಟು ಹೋಗಿ. ನಮ್ಮ ಕಾಲೇಜಿನ ಕಮಿಟಿಯಲ್ಲಿದ್ದ ಹೊರಗಿನ ಸದಸ್ಯರು ಎರಡು ವರ್ಷದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದು ನೆನಪಿದೆ. ‘ಊಟಕ್ಕೆ ಎಷ್ಟು ಹೊತ್ತಿಗೆ?’

ನಿಮ್ಮ ಕಟ್ಟಿನಲ್ಲಿ ಒಂದಾದರೂ ಸಕ್ಕರೆ ಕಾಯಿಲೆಯದ್ದು ಇದ್ದೇ ಇರುತ್ತದೆ. ನಾನೂ ಅದನ್ನೇ ಮಾಡಿದ್ದು. ಒಂದು ಸೊಪ್ಪೋ ಬೀಜವೋ ತಂದು ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ಸಾರ ತೆಗೆಯುತ್ತಾರೆ. ವಿಸ್ಟಾರ್ ಅನ್ನುವ ಬಿಳಿ ಇಲಿಗಳಿಗೆ ಸ್ಟ್ರೆಪ್ಟೊಜೊಟೊಸಿನ್ ಚುಚ್ಚುತ್ತಾರೆ. ಅದು ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಸಾಯಿಸುತ್ತದೆ. ಆಮೇಲೆ 5 ಗುಂಪು, ಗುಂಪಿಗೆ 6 ಇಲಿ. ಮೊದಲ ಗುಂಪಿಗೆ ಕಾಯಿಲೆಯೇ ಇಲ್ಲ. ಎರಡನೆಯದಕ್ಕೆ ಕಾಯಿಲೆ ಇದೆ, ಔಷಧಿ ಇಲ್ಲ. ಮೂರನೆಯದಕ್ಕೆ ಅಂಗಡಿಯಲ್ಲಿ ಸಿಗುವ ಮಾತ್ರೆ. ಕೊನೆಯ ಎರಡಕ್ಕೆ ನಮ್ಮ ಸಾರ, ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಜಾಸ್ತಿ. ಮೂರು ನಾಲ್ಕು ವಾರ ಆದಮೇಲೆ 30 ಇಲಿಗಳನ್ನೂ ಕೊಂದು ಸ್ಲೈಡ್ ಮಾಡಿಸುತ್ತಾರೆ.

ಆ ಎರಡನೇ ಗುಂಪಿನ ಬಗ್ಗೆ ಥೀಸಿಸ್‌ನಲ್ಲಿ ಒಂದು ಸಾಲು ಇರುತ್ತದೆ, ‘ಡಯಾಬಿಟಿಕ್ ಕಂಟ್ರೋಲ್’ ಅಂತ. ನಾನು ನೋಡಿದ್ದು ಬೇರೆ. ಅವು ಬಾಟಲಿ ಬಾಟಲಿ ನೀರು ಕುಡಿಯುತ್ತವೆ, ಅಷ್ಟೇ ಉಚ್ಚೆ ಹೊಯ್ಯುತ್ತವೆ. ರಾತ್ರಿ ಗೂಡಿನಲ್ಲಿ ಹಾಸಿದ ಭತ್ತದ ಹೊಟ್ಟು ಬೆಳಿಗ್ಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ಮೈ ಕೂದಲು ಕೆದರಿ, ಬೆನ್ನುಮೂಳೆ ಎದ್ದು, ಮೂಲೆಯಲ್ಲಿ ಕೂತಿರುತ್ತವೆ. ಗುರುತಿಗೆ ಪಿಕ್ರಿಕ್ ಆಸಿಡ್ ಹಚ್ಚಿರುತ್ತೇವೆ, ತಲೆಗೆ, ಬೆನ್ನಿಗೆ, ಬಾಲಕ್ಕೆ. ‘ತಲೆ ಹಳದಿ’ ಸತ್ತ ದಿನ ನಾನು ಊಟ ಮಾಡಲಿಲ್ಲ. ಹಾಸ್ಟೆಲ್‌ನಲ್ಲಿ ಯಾರಿಗೂ ಹೇಳಲಿಲ್ಲ, ನಗುತ್ತಾರೆ ಅಂತ.

ನೀವು ಅನಿಮಲ್ ಹೌಸ್ ನೋಡಲು ಹೋಗುತ್ತೀರಲ್ಲ, ಆಗ ಹೊಟ್ಟಿಗೆ ಕೈ ಹಾಕಿ ನೋಡಿ. ಕಾಗದದಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ.

ಬೀಗಲ್ ಅಮ್ಮ · ಭಾನುವಾರ 10:02

ನಾನು ಬೆಂಗಳೂರಿನವಳು. ನಮ್ಮ ಮನೆಯ ನಾಯಿ ಲ್ಯಾಬಿನಿಂದ ಬಂದದ್ದು. ಔಷಧಿ ಪರೀಕ್ಷೆಗೆ ಬೀಗಲ್ ಜಾತಿಯನ್ನೇ ಯಾಕೆ ತಗೊಳ್ಳುತ್ತಾರೆ ಗೊತ್ತಾ? ಅವು ಕಚ್ಚಲ್ಲ. ಏನು ಮಾಡಿದರೂ ಬಾಲ ಆಡಿಸುತ್ತವೆ. ಅದೇ ಅವುಗಳ ತಪ್ಪು.

ಮನೆಗೆ ಬಂದಾಗ ಅವಳಿಗೆ ಐದು ವರ್ಷ. ಕಿವಿಯ ಒಳಗೆ ಹಚ್ಚೆ ಹಾಕಿದ ನಂಬರು. ಹೆಸರಿಲ್ಲ. ಅಂಗಳದ ಹುಲ್ಲಿನ ಮೇಲೆ ಬಿಟ್ಟರೆ ಒಂದೊಂದೇ ಕಾಲು ಎತ್ತಿ ಒದರುತ್ತಿದ್ದಳು, ಬಿಸಿ ಬಾಣಲೆ ಮೇಲೆ ನಿಂತ ಹಾಗೆ. ಐದು ವರ್ಷದಲ್ಲಿ ಹುಲ್ಲು ಮುಟ್ಟಿರಲಿಲ್ಲ. ಮೆಟ್ಟಿಲು ಹತ್ತಲು ಮೂರು ತಿಂಗಳು ಬೇಕಾಯಿತು. ಈಗಲೂ ಬಿಳಿ ಕೋಟು ಕಂಡರೆ ನೆಲಕ್ಕೆ ಅಂಟಿಕೊಂಡು ಮುಂಗಾಲು ಮುಂದೆ ಚಾಚುತ್ತಾಳೆ. ರಕ್ತ ತೆಗೆಯುವವರಿಗೆ ಸುಲಭ ಆಗಲಿ ಅಂತ! ಯಾರು ಕಲಿಸಿದ್ದು ಅದನ್ನು?

ಮೇಷ್ಟ್ರೇ, ಹೋಗಿ ಮೂರಕ್ಕೂ ಬೇಡ ಅನ್ನಿ. ಅಷ್ಟೇ.

ಬಿರಿಯಾನಿ ಪ್ರಿಯ · ಭಾನುವಾರ 10:20

ಭಾನುವಾರ ಕೋಳಿ ಅಂಗಡಿ ಮುಂದೆ ಕ್ಯೂ ನಿಲ್ಲೋರೆಲ್ಲ ಇಲ್ಲಿ ಬಂದು ಇಲಿಗೆ ಅಳ್ತಿದಾರೆ 😂

ಬೀಗಲ್ ಅಮ್ಮ · ಭಾನುವಾರ 10:24

ನಾನು ತಿನ್ನುವುದಿಲ್ಲ. ಮುಂದೆ ಹೇಳಿ.

ಸಕ್ಕರೆ ಹುಡುಗಿಯ ಅಪ್ಪ · ಭಾನುವಾರ 12:48

ಬೀಗಲ್ ಅಮ್ಮ ಅವರೇ, ನಿಮ್ಮ ನಾಯಿಯ ಕಥೆ ಓದಿ ಕಣ್ಣು ತುಂಬಿತು. ಆದರೂ ಬರೆಯುತ್ತೇನೆ, ತಪ್ಪು ತಿಳಿಯಬೇಡಿ.

ನನ್ನ ಮಗಳಿಗೆ ಟೈಪ್ 1 ಸಕ್ಕರೆ ಕಾಯಿಲೆ. ಆರನೇ ವರ್ಷಕ್ಕೆ ಬಂತು, ಈಗ ಹನ್ನೊಂದು. ದಿನಕ್ಕೆ ನಾಲ್ಕು ಇಂಜೆಕ್ಷನ್. ಈ ಇನ್ಸುಲಿನ್ ಎಲ್ಲಿಂದ ಬಂತು ಅಂತ ಅವಳೇ ಕೇಳಿದಳು. ಕೂತು ಓದಿ ಹೇಳಿದೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಇಬ್ಬರೂ ನಾಯಿಗಳ ಪ್ಯಾಂಕ್ರಿಯಾಸ್ ತೆಗೆದು ಹಾಕಿ ಸಕ್ಕರೆ ಕಾಯಿಲೆ ಬರಿಸಿದರು. ಬೇರೆ ಪ್ಯಾಂಕ್ರಿಯಾಸ್‌ನಿಂದ ತೆಗೆದ ರಸ ಚುಚ್ಚಿದರೆ ಸಕ್ಕರೆ ಇಳಿಯುತ್ತದೆ ಅಂತ ತೋರಿಸಿದರು. 1922ರ ಜನವರಿಯಲ್ಲಿ ಅದೇ ಊರಿನ ಆಸ್ಪತ್ರೆಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಇಂಜೆಕ್ಷನ್. ಅದಕ್ಕೆ ಮೊದಲು ಇಂಥ ಮಕ್ಕಳನ್ನು ಉಪವಾಸ ಹಾಕಿ ನಾಲ್ಕು ದಿನ ಜಾಸ್ತಿ ಬದುಕಿಸುತ್ತಿದ್ದರು, ಅಷ್ಟೇ.

ಮಗಳು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. ‘ನಾಯಿ ಬದುಕಿತಾ ಅಪ್ಪಾ?’ ಅವುಗಳಲ್ಲಿ ಮಾರ್ಜರಿ ಅನ್ನುವ ನಾಯಿ ಆ ರಸದ ಮೇಲೆ ಸುಮಾರು 70 ದಿನ ಬದುಕಿತ್ತು. ಆಮೇಲೆ ಅವರೇ ಕೊಂದರು. ನಾನು ‘70 ದಿನ ಬದುಕಿತು’ ಅಂದೆ. ಪೂರ್ತಿ ಹೇಳಲಿಲ್ಲ.

ಇನ್ನೊಂದು ವಿಷಯ. ನಾವು ದಿನಾ ‘ಎಷ್ಟು ಯೂನಿಟ್ ಹಾಕ್ಲಿ?’ ಅಂತ ಕೇಳುತ್ತೇವೆ. ಆ ಯೂನಿಟ್ ಮೊದಲು ನಿಗದಿಯಾಗಿದ್ದು ಮೊಲದ ಮೇಲೆ. ಹಸಿದ ಮೊಲದ ಸಕ್ಕರೆ ಇಳಿದು ಅದಕ್ಕೆ ಸೆಳವು ಬರಲು ಎಷ್ಟು ಬೇಕೋ ಅದರ ಲೆಕ್ಕ. ನಮ್ಮ ಸಿರಿಂಜಿನ ಮೇಲಿನ ಒಂದೊಂದು ಗೀಟಿನ ಹಿಂದೆಯೂ ಒಂದು ಮೊಲ ಇದೆ. ನನಗೆ ಇದು ಗೊತ್ತಿದೆ. ಗೊತ್ತಿದ್ದೂ ಇವತ್ತು ರಾತ್ರಿ ಎಂಟಕ್ಕೆ ಹಾಕುತ್ತೇನೆ.

ಎಂಫಾರ್ಮ್ ಮುಗಿಸಿದವಳು · ಭಾನುವಾರ 13:10

ಅಣ್ಣ, ನಿಮ್ಮ ಮಾತಿಗೆ ಎದುರು ಹೇಳಲ್ಲ. ಆದರೆ ಟೊರಾಂಟೊದ ನಾಯಿಯನ್ನು ತೋರಿಸಿ ನಮ್ಮ ಕಾಲೇಜಿನ ಹಾಗಲಕಾಯಿ ಇಲಿಯನ್ನು ಸಮರ್ಥಿಸಬಾರದು. ನಮ್ಮ ಗೈಡ್ ಹಾಗೇ ಮಾಡುತ್ತಿದ್ದರು. ಯಾರಾದರೂ ಮುಖ ಸಣ್ಣ ಮಾಡಿದರೆ ಇನ್ಸುಲಿನ್ ಕಥೆ ಶುರು. ನಾಯಿ ಪ್ರಯೋಗದಿಂದ ಗೊತ್ತಾಗಿದ್ದು ಆಗ ಯಾರಿಗೂ ಗೊತ್ತಿರಲಿಲ್ಲ. ಹಾಗಲಕಾಯಿ, ನೇರಳೆ ಬೀಜ, ಮೆಂತ್ಯ ಇಲಿಯ ಸಕ್ಕರೆ ಇಳಿಸುತ್ತವೆ ಅಂತ ತೋರಿಸುವ ಪೇಪರ್‌ಗಳು ಲೈಬ್ರರಿಯಲ್ಲಿ ರಾಶಿ ಬಿದ್ದಿವೆ. ನಾನು ಮತ್ತೆ 30 ಕೊಂದಿದ್ದು ಡಿಗ್ರಿಗೆ. ನನ್ನ ಥೀಸಿಸ್ ಬೈಂಡ್ ಆಗಿ ಬೀರುವಿನಲ್ಲಿದೆ. ಪ್ರಕಟವೂ ಆಗಲಿಲ್ಲ.

ದನದ ಡಾಕ್ಟ್ರು · ಭಾನುವಾರ 21:30

ಮೇಷ್ಟ್ರಿಗೆ ನಮಸ್ಕಾರ. ನಾನು ಪಶು ವೈದ್ಯ. ತಂಗಿ ಹೇಳಿದ್ದು ನೂರಕ್ಕೆ ನೂರು ಸರಿ, ಗಟ್ಟಿಯಾಗಿ ಹಿಡಿದುಕೊಳ್ಳಿ.

ಆದರೆ ‘ಎಲ್ಲದಕ್ಕೂ ಬೇಡ ಅನ್ನಿ’ ಅನ್ನೋದನ್ನು ನಾನು ಒಪ್ಪಲ್ಲ. ಇಲ್ಲಿ ಎಲ್ಲರೂ ಮನುಷ್ಯ ಒಂದು ಕಡೆ, ಪ್ರಾಣಿ ಇನ್ನೊಂದು ಕಡೆ ಅಂತ ಮಾತಾಡುತ್ತಿದ್ದೀರಿ. ನನ್ನ ಕೆಲಸದಲ್ಲಿ ಹಾಗೆ ಗೆರೆ ಎಳೆಯಲು ಆಗಲ್ಲ. ರಣಹದ್ದುಗಳ ಕಥೆ ಕೇಳಿ.

1990ರ ದಶಕದಲ್ಲಿ ನಮ್ಮ ದೇಶದ ರಣಹದ್ದು ಇದ್ದಕ್ಕಿದ್ದಂತೆ ಖಾಲಿಯಾಗತೊಡಗಿದವು. ಒಂದು ಜಾತಿಯಂತೂ ಹದಿನೈದು ವರ್ಷದಲ್ಲಿ 99%ಕ್ಕಿಂತ ಜಾಸ್ತಿ ಹೋಯಿತು. ಕಾರಣ ಗೊತ್ತಿಲ್ಲ. ವೈರಸ್ ಅಂದರು, ಕೀಟನಾಶಕ ಅಂದರು. ಪಾಕಿಸ್ತಾನದ ಪಂಜಾಬಿನಲ್ಲಿ ಕೆಲಸ ಮಾಡುತ್ತಿದ್ದ ತಂಡ ಸತ್ತ ಹದ್ದುಗಳ ಮೂತ್ರಪಿಂಡ ನೋಡಿ ಅನುಮಾನಪಟ್ಟಿತು. ದನಗಳಿಗೆ ನೋವಿಗೆ ಕೊಡುವ ಡೈಕ್ಲೋಫೆನಾಕ್ ಇರಬಹುದಾ ಅಂತ. ಅನುಮಾನ ಸಾಲದು, ತೋರಿಸಬೇಕು. ಹೇಗೆ ತೋರಿಸುವುದು? ಬದುಕಿದ ಹದ್ದುಗಳಿಗೆ ಅದೇ ಔಷಧಿ ಕೊಟ್ಟರು, ಅದೇ ಔಷಧಿ ಹಾಕಿದ ಎಮ್ಮೆ ಮೇಕೆಗಳ ಮಾಂಸ ತಿನ್ನಿಸಿದರು. ಸತ್ತವು. ಸತ್ತ ಕಾಡು ಹದ್ದುಗಳ ಹೊಟ್ಟೆಯಲ್ಲಿ ಕಂಡ ಅದೇ ಬಿಳಿ ಸುಣ್ಣದಂಥ ಲೇಪ ಇವುಗಳಲ್ಲೂ ಕಂಡಿತು. 2004ರಲ್ಲಿ ಅದು ಪ್ರಕಟವಾಯಿತು. 2006ರಲ್ಲಿ ನಮ್ಮಲ್ಲಿ ದನಗಳಿಗೆ ಡೈಕ್ಲೋಫೆನಾಕ್ ನಿಷೇಧ.

ಅಷ್ಟಕ್ಕೇ ಮುಗಿಯಲಿಲ್ಲ. ರೈತನ ಎತ್ತಿಗೆ ನೋವು ಬಂದರೆ ಬೇರೆ ಏನು ಕೊಡಲಿ? ಮೆಲೋಕ್ಸಿಕ್ಯಾಂ ಕೊಡಬಹುದು ಅಂತ ಗೊತ್ತಾಗಲು ಅದನ್ನೂ ಹದ್ದಿಗೇ ತಿನ್ನಿಸಿ ನೋಡಬೇಕಾಯಿತು. ಆಗ ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಅಳಿವಿನ ಅಂಚಿನ ನಮ್ಮ ಹದ್ದನ್ನು ಮೊದಲೇ ಮುಟ್ಟಲಿಲ್ಲ. ಅದರ ಹತ್ತಿರದ ಸಂಬಂಧಿ, ಆಗ ಸಂಖ್ಯೆಯಲ್ಲಿ ಚೆನ್ನಾಗಿದ್ದ ಆಫ್ರಿಕಾದ ಹದ್ದಿನಲ್ಲಿ ನೋಡಿ, ಏನೂ ಆಗಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ನಮ್ಮವಕ್ಕೆ ಕೊಟ್ಟರು. ಇವತ್ತು ನನ್ನ ಬ್ಯಾಗಿನಲ್ಲಿ ಇರುವುದು ಮೆಲೋಕ್ಸಿಕ್ಯಾಂ. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ದನಗಳಿಗೆ ನಿಷೇಧವಾದವು.

ರಾಮನಗರದ ರಾಮದೇವರ ಬೆಟ್ಟಕ್ಕೆ ಹೋದಾಗ ಒಂದು ಹದ್ದು ಬಂಡೆಯಿಂದ ಜಿಗಿದು ರೆಕ್ಕೆ ಬಿಚ್ಚಿದ್ದನ್ನು ನೋಡಿದೆ. ಔಷಧಿ ತಿಂದು ಸತ್ತ ಆ ಹದ್ದುಗಳು ನೆನಪಾದವು. ಬೀಗಲ್ ಅಮ್ಮ ಅವರೇ, ಅದನ್ನೂ ಬೇಡ ಅನ್ನುತ್ತಿದ್ದಿರಾ? ವಾದಕ್ಕೆ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಬೀಗಲ್ ಅಮ್ಮ · ಭಾನುವಾರ 22:05

ಡಾಕ್ಟ್ರೇ, ರಾತ್ರಿ ಹತ್ತು ಗಂಟೆಗೆ ಇಂಥ ಪ್ರಶ್ನೆ ಕೇಳಬೇಡಿ. ಯೋಚಿಸಿ ಹೇಳುತ್ತೇನೆ.

ಸೊರಬದವ · ಸೋಮವಾರ 6:30

ನಮ್ಮ ತಾಲೂಕಿನ ಹೆಸರು ಕೆಟ್ಟ ಕಾರಣಕ್ಕೆ ಪುಸ್ತಕಕ್ಕೆ ಸೇರಿದೆ. ಕ್ಯಾಸನೂರು ಕಾಡು ನಮ್ಮದೇ. 1957ರಲ್ಲಿ ಕಾಡಿನಲ್ಲಿ ಮಂಗ, ಮುಸುವ ಸಾಲಾಗಿ ಸತ್ತವು, ಹಿಂದೆಯೇ ಜನರಿಗೆ ಜ್ವರ. ಅದಕ್ಕೇ ಮಂಗನ ಕಾಯಿಲೆ ಅನ್ನುವುದು. ಪಾಪ ಮಂಗ ಹರಡಿದ್ದಲ್ಲ, ಹರಡುವುದು ಉಣುಗು. ಮಂಗವೂ ನಮ್ಮ ಹಾಗೇ ಕಚ್ಚಿಸಿಕೊಂಡು ಸತ್ತಿದ್ದು.

ಪುಣೆಯಿಂದ ಬಂದವರು ವೈರಸ್ ಹಿಡಿದದ್ದು ಹೇಗೆ ಅಂದರೆ, ಸತ್ತ ಮಂಗದ, ಜ್ವರ ಬಂದವರ ರಕ್ತವನ್ನು ಇಲಿ ಮರಿಗಳ ಮಿದುಳಿಗೆ ಚುಚ್ಚಿ. ಆಗ ಬೇರೆ ದಾರಿ ಇರಲಿಲ್ಲ. ನಮ್ಮ ದೊಡ್ಡಜ್ಜ ಆ ಜ್ವರದಲ್ಲೇ ಹೋದದ್ದು. ಮುಂದೆ ಕೋಳಿ ಭ್ರೂಣದ ಜೀವಕೋಶದಲ್ಲಿ ಲಸಿಕೆ ಮಾಡಿದರು, ನಾವೆಲ್ಲ ಹಾಕಿಸಿಕೊಂಡಿದ್ದೇವೆ. ಅದು ಸರಿಯಾಗಿ ಕೆಲಸ ಮಾಡಲ್ಲ ಅಂತ ಈಚೆಗೆ ನಿಲ್ಲಿಸಿದರು. ಈಗ ಕಾಡಿಗೆ ಹೋಗುವಾಗ ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗುವುದೇ.

ಹೊಸ ಲಸಿಕೆ ಬರುವ ಮೊದಲು ಯಾವುದೋ ಗೂಡಿನ ಪ್ರಾಣಿಗೆ ಕೊಟ್ಟೇ ನೋಡುತ್ತಾರೆ. ಮೊದಲು ನಮ್ಮ ಮೇಲೆ ನೋಡಲಿ ಅಂತ ನಾನಂತೂ ಹೇಳಲ್ಲ. ಹೇಳುವವರು ಜನವರಿಯಲ್ಲಿ ಒಂದು ವಾರ ನಮ್ಮ ಮನೆಗೆ ಬನ್ನಿ, ದರಗು ಗುಡಿಸಲು ಕಾಡಿಗೆ ಹೋಗೋಣ.

ಬರ್ಲಿನ್ ಕನ್ನಡಿಗ · ಸೋಮವಾರ 14:12

ನಾನು ಸೆಲ್ ಕಲ್ಚರ್ ಕೆಲಸ ಮಾಡುವವನು. ಅಂದರೆ ಪ್ರಾಣಿ ಬದಲು ಪ್ಲಾಸ್ಟಿಕ್ ತಟ್ಟೆಯಲ್ಲಿ ಜೀವಕೋಶ ಬೆಳೆಸಿ ಪ್ರಯೋಗ ಮಾಡುವುದು. ಕೇಳಲು ಚಂದ. ಆ ಜೀವಕೋಶಗಳಿಗೆ ಊಟ ಏನು ಗೊತ್ತಾ? ಜಾಸ್ತಿ ಕಡೆ ಕರುವಿನ ಭ್ರೂಣದ ರಕ್ತದ ಸೀರಂ. ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯಿಂದ ತೆಗೆದದ್ದು. ನನ್ನ ಫ್ರಿಜ್‌ನಲ್ಲಿ ಅರ್ಧ ಲೀಟರಿನ ಬಾಟಲಿಗಳು ಸಾಲಾಗಿವೆ. ಅದಿಲ್ಲದ ಮೀಡಿಯಾ, ಅಂದರೆ ಜೀವಕೋಶ ಬೆಳೆಸುವ ದ್ರವ, ಈಗ ಸಿಗುತ್ತದೆ, ಆದರೆ ಎಲ್ಲ ಜೀವಕೋಶವೂ ಅದಕ್ಕೆ ಒಗ್ಗಲ್ಲ, ರೇಟೂ ಜಾಸ್ತಿ. ‘ಪ್ರಾಣಿ ಇಲ್ಲದ ವಿಧಾನ’ ಅಂತ ಪ್ರಪೋಸಲ್‌ನಲ್ಲಿ ಕಂಡರೆ ಇದನ್ನೂ ಕೇಳಿ ಮೇಷ್ಟ್ರೇ. ಅಮ್ಮನಿಗೆ ನಾನು ಇದನ್ನು ಇನ್ನೂ ಹೇಳಿಲ್ಲ.

ಪ್ರಾಣಿಯಲ್ಲಿ ನೋಡಿದ್ದು ಮನುಷ್ಯನಿಗೆ ಹೊಂದುತ್ತದಾ? ಹೊಂದಿದರೆ ಹೊಂದಿತು. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನುವ ಔಷಧಿಯನ್ನು ಆರು ಆರೋಗ್ಯವಂತ ಯುವಕರಿಗೆ ಕೊಟ್ಟರು. ಮಂಗಗಳಿಗೆ ಏನೂ ಆಗದ ಡೋಸಿನ 500ರಲ್ಲಿ ಒಂದು ಭಾಗ. ಗಂಟೆಗಳಲ್ಲಿ ಆರೂ ಜನ ಐಸಿಯು ಸೇರಿದರು. ಇನ್ನೊಂದು ಕಡೆ ಥಾಲಿಡೊಮೈಡ್, ಗರ್ಭಿಣಿಯರೂ ನುಂಗುತ್ತಿದ್ದ ನಿದ್ದೆ ಮಾತ್ರೆ. ಗರ್ಭಿಣಿ ಪ್ರಾಣಿಗಳಲ್ಲಿ ಸರಿಯಾಗಿ ನೋಡದೆಯೇ ಮಾರಿದರು, 1961ರಲ್ಲಿ ವಾಪಸ್ ತೆಗೆದುಕೊಳ್ಳುವ ಹೊತ್ತಿಗೆ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದರು. ಆಮೇಲೆ ನೋಡಿದರೆ ಇಲಿಯಲ್ಲಿ ಅದು ಸರಿಯಾಗಿ ಕಾಣಿಸುವುದೇ ಇಲ್ಲ, ಮೊಲದಲ್ಲಿ ಕಾಣಿಸುತ್ತದೆ. ಯಾವ ಪ್ರಾಣಿ, ಯಾಕೆ ಅದೇ ಪ್ರಾಣಿ, ಈ ಪ್ರಶ್ನೆಗೆ ಉತ್ತರ ಇಲ್ಲದ ಪ್ರಪೋಸಲ್‌ಗೆ ಸಹಿ ಹಾಕಬೇಡಿ.

ಕಾನೂನು ಬದಲಾಗುತ್ತಿದೆ ಅನ್ನೋದೂ ಗೊತ್ತಿರಲಿ. ಭಾರತದಲ್ಲಿ ಕಾಸ್ಮೆಟಿಕ್ಸ್‌ಗೆ ಪ್ರಾಣಿ ಪರೀಕ್ಷೆ 2014ರಲ್ಲೇ ನಿಷೇಧ. ಹೊಸ ಔಷಧಿಗೆ ಪ್ರಾಣಿ ಪರೀಕ್ಷೆಯ ಬದಲು ಆರ್ಗನಾಯ್ಡ್, ಆರ್ಗನ್ ಚಿಪ್ (ಜೀವಕೋಶಗಳಿಂದ ಲ್ಯಾಬಿನಲ್ಲಿ ಮಾಡಿದ ಪುಟ್ಟ ಅಂಗದ ಮಾದರಿಗಳು) ಫಲಿತಾಂಶ ಕೊಡಬಹುದು ಅಂತ 2023ರಲ್ಲಿ ನಿಯಮ ತಿದ್ದಿದರು. ಅಮೆರಿಕ ಅದಕ್ಕೆ ಮೂರು ತಿಂಗಳ ಮೊದಲು ಅದೇ ದಾರಿ ಹಿಡಿದಿತ್ತು.

ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ. ಹಾವಿನ ವಿಷಕ್ಕೆ ಔಷಧಿ ಈಗಲೂ ಕುದುರೆಯ ರಕ್ತದಿಂದಲೇ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಚುಚ್ಚಿ, ರಕ್ತ ತೆಗೆದು ಮಾಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಅಮೆರಿಕದವರ ಜೊತೆ ಸೇರಿ, ನಾಗರ, ಕಟ್ಟುಹಾವುಗಳ ಜಾತಿಯ ವಿಷದ ಒಂದು ಮುಖ್ಯ ಅಂಶವನ್ನು ತಡೆಯುವ ಪ್ರತಿಕಾಯವನ್ನು (ಆಂಟಿಬಾಡಿ) ಕುದುರೆಯೇ ಇಲ್ಲದೆ ಲ್ಯಾಬಿನಲ್ಲಿ ಮಾಡಿದರು. 2024ರಲ್ಲಿ ಪ್ರಕಟಿಸಿದರು. ಕೆಲಸ ಮಾಡುತ್ತದೆ ಅಂತ ತೋರಿಸಿದ್ದು ಯಾವುದರಲ್ಲಿ? ವಿಷ ಚುಚ್ಚಿದ ಇಲಿಗಳಲ್ಲಿ. ಕುದುರೆ ಬಿಡಿಸಲು ಇಲಿ ಬೇಕಾಯಿತು.

ನಿವೃತ್ತ ಝೂಆಲಜಿ · ಸೋಮವಾರ 17:50

ಮೇಷ್ಟ್ರೇ, ನಾನೂ ನಿಮ್ಮ ವಯಸ್ಸಿನವನು. ಪಿಯು ಕಾಲೇಜಿನಲ್ಲಿ ಸಾಲು ಸಾಲು ಬ್ಯಾಚಿಗೆ ಕಪ್ಪೆ ಕೊಯ್ಯಿಸಿದವನು. ಮಳೆಗಾಲ ಶುರುವಾದರೆ ಒಬ್ಬ ಹುಡುಗ ಗೋಣಿಚೀಲದಲ್ಲಿ ತರುತ್ತಿದ್ದ. ಕ್ಲೋರೋಫಾರಂ ಹಾಕಿ, ಮೇಣದ ಟ್ರೇ ಮೇಲೆ ಅಂಗಾತ ಮಲಗಿಸಿ, ನಾಲ್ಕು ಕಾಲಿಗೂ ಗುಂಡುಸೂಜಿ. ಎದೆ ತೆರೆದಾಗ ಹೃದಯ ಇನ್ನೂ ಬಡಿಯುತ್ತಿರುತ್ತದೆ. ಹುಡುಗರು ‘ಸಾರ್ ಇನ್ನೂ ಜೀವ ಇದೆ’ ಅನ್ನುತ್ತಿದ್ದರು. ‘ನೋಡಿ, ಬರೆದುಕೊಳ್ಳಿ’ ಅನ್ನುತ್ತಿದ್ದೆ. ಒಂದು ಸಲ ಕ್ಲೋರೋಫಾರಂ ಸಾಲದೆ ಒಂದು ಕಪ್ಪೆ ಸೂಜಿ ಸಮೇತ ಟ್ರೇಯಿಂದ ಎದ್ದಿತು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಇದೆ, ಪುಸ್ತಕ, ಮಾಡೆಲ್, ಚಿತ್ರದಿಂದ ಕಲಿಸಲು ಆಗುವುದಾದರೆ ಪ್ರಾಣಿ ಬಳಸಬೇಡಿ ಅಂತ. ಕೈ ಪಳಗಲಿ ಅಂತಲೇ ಪ್ರಯೋಗ ಮಾಡಬೇಡಿ ಅಂತಲೂ ಇದೆ. ನಾನು ಅದನ್ನು ಓದಿದ್ದು ನಿವೃತ್ತನಾದ ಮೇಲೆ. ಪದವಿ ತರಗತಿಗಳಲ್ಲಿ ನಿಲ್ಲಿಸಿ ಅಂತ ಯುಜಿಸಿ ಹೇಳಿದ್ದು 2014ರಲ್ಲಿ. ನನ್ನ ಹುಡುಗರಲ್ಲಿ ಡಾಕ್ಟರಾದವರು ಕೈಬೆರಳೆಣಿಕೆ. ಉಳಿದವರು ಬ್ಯಾಂಕಿನಲ್ಲಿದ್ದಾರೆ, ಎಲ್‌ಐಸಿಯಲ್ಲಿದ್ದಾರೆ. ಅವರಿಗೆ ಕಪ್ಪೆಯ ಹೃದಯ ಯಾಕೆ ಬೇಕಿತ್ತು?

ಎಂಫಾರ್ಮ್ ಮುಗಿಸಿದವಳು · ಸೋಮವಾರ 23:20

ಸಾರ್ ಬರೆದದ್ದು ಓದಿದ ಮೇಲೆ ನಾನೂ ಒಂದು ಹೇಳಿಬಿಡುತ್ತೇನೆ.

ಸಾರವನ್ನು ಇಲಿಯ ಬಾಯಿಂದ ನೇರ ಹೊಟ್ಟೆಗೆ ಬಿಡಬೇಕು. ಗವಾಜ್ ಅನ್ನುತ್ತಾರೆ. ತುದಿ ಗುಂಡಗಿರುವ, ಸ್ವಲ್ಪ ಬಾಗಿದ ಉದ್ದ ಸೂಜಿ. ಕತ್ತಿನ ಹಿಂದಿನ ಚರ್ಮ ಹಿಡಿದು ತಲೆ ಎತ್ತಿ ಬಿಡಬೇಕು. ನನಗೆ ಕಲಿಸಿದ್ದು ಸೀನಿಯರ್ ಒಬ್ಬಳು, ಹತ್ತು ನಿಮಿಷ. ಮೊದಲ ದಿನ ನನ್ನ ಎರಡನೇ ಇಲಿಗೆ ಸೂಜಿ ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಹೋಯಿತು. ಮೂಗಿನಿಂದ ಹಸಿರು ನೀರು ಬಂತು. ನನ್ನ ಕೈಯಲ್ಲೇ ಎರಡು ಮೂರು ಸಲ ಒದ್ದಾಡಿ ಸುಮ್ಮನಾಯಿತು. ರಿಜಿಸ್ಟರಿನಲ್ಲಿ ‘ಮೃತ’ ಅಂತ ಬರೆದು ಸ್ಟಾಕಿನಿಂದ ಇನ್ನೊಂದು ತಂದು ಕೊಟ್ಟರು. ಯಾಕೆ ಸತ್ತಿತು ಅನ್ನುವ ಕಾಲಂ ಇರಲಿಲ್ಲ.

ಆಮೇಲೆ ಎಲ್ಲೋ ಓದಿದೆ. ಇಲಿಗಳು ಹೆದರಿದಾಗ ಸುಮಾರು 22 ಕಿಲೋಹರ್ಟ್ಜ್‌ನಲ್ಲಿ ಕೂಗುತ್ತವಂತೆ. ನಮ್ಮ ಕಿವಿ 20ಕ್ಕೇ ನಿಲ್ಲುತ್ತದೆ. ನಮ್ಮ ಅನಿಮಲ್ ಹೌಸ್ ಎಷ್ಟು ಶಾಂತ ಅಂತ ನಾನು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ.

ಬರ್ಲಿನ್ ಕನ್ನಡಿಗ · ಮಂಗಳವಾರ 13:05

ಇಲ್ಲಿ ಕೋರ್ಸು ಮಾಡಿ ಪ್ರಮಾಣಪತ್ರ ತೋರಿಸದೆ ಲ್ಯಾಬಿನ ಇಲಿಯ ಮೇಲೆ ಪ್ರಯೋಗ ಮಾಡಲು ಬಿಡುವುದಿಲ್ಲ. ಬಾಲ ಹಿಡಿದು ಎತ್ತಬೇಡಿ, ಸಣ್ಣ ಕೊಳವೆಯೊಳಗೆ ಓಡಿಸಿ ಎತ್ತಿ ಅಂತ ಹೇಳಿಕೊಡುತ್ತಾರೆ. ಬಾಲ ಹಿಡಿದರೆ ಸುಂಡಿಲಿ ಬಹಳ ಹೆದರುತ್ತದೆ ಅಂತ 2010ರಲ್ಲಿ ಇಂಗ್ಲೆಂಡಿನವರು ತೋರಿಸಿದರು. ಹೆದರಿದರೆ ಪ್ರಯೋಗದ ಫಲಿತಾಂಶವೇ ಏರುಪೇರಾಗಬಹುದು. ಕೊಳವೆ ಅಂದರೆ ದೊಡ್ಡದೇನೂ ಬೇಡ, ರಟ್ಟಿನದಾದರೂ ನಡೆಯುತ್ತದೆ. ಮೇಷ್ಟ್ರೇ, ‘ಸೂಜಿ ಹಿಡಿಯುವವರು ಯಾರು, ಅವರಿಗೆ ಕಲಿಸಿದವರು ಯಾರು’ ಅಂತ ಕೇಳಿ. ಈ ಒಂದು ಪ್ರಶ್ನೆಗೆ ಡಿಗ್ರಿ ಬೇಡ.

ಬೀಗಲ್ ಅಮ್ಮ · ಬುಧವಾರ 8:15

ಡಾಕ್ಟ್ರೇ, ಯೋಚಿಸಿದೆ. ಹದ್ದಿನ ಪ್ರಯೋಗಕ್ಕೆ ನಾನು ಬೇಡ ಅನ್ನುತ್ತಿರಲಿಲ್ಲ. ಎದ್ದು ಹೊರಗೆ ಹೋಗುತ್ತಿದ್ದೆ. ಅದು ಒಪ್ಪಿಗೆಯೇ ಅಂತ ಗೊತ್ತು.

ಆದರೆ ಒಂದು. ಅಲ್ಲಿ ಹದ್ದು ಸತ್ತಿದ್ದು ಹದ್ದಿಗಾಗಿ. ನನ್ನ ನಾಯಿಗೆ ಐದು ವರ್ಷ ಏನು ಕೊಟ್ಟರು, ಯಾಕೆ ಕೊಟ್ಟರು ಅಂತ ಯಾರೂ ಹೇಳಲಿಲ್ಲ, ಕೇಳಿದರೂ ಕಾಗದ ಕೊಡಲಿಲ್ಲ. ಪಶು ಆಸ್ಪತ್ರೆಯಲ್ಲಿ ಲಿವರ್ ಹಾಳಾಗಿದೆ ಅಂದಾಗ ಕಾರಣ ಏನು ಅಂತ ನಾನು ಯಾರನ್ನು ಕೇಳಲಿ? ಮೇಷ್ಟ್ರೇ, ಬದುಕಿ ಉಳಿದ ಪ್ರಾಣಿಗಳನ್ನು ಏನು ಮಾಡುತ್ತೀರಿ ಅಂತ ಕೇಳಿ. ಪ್ರಯೋಗ ಮುಗಿದ ಮೇಲೆ ನೋಡಿಕೊಳ್ಳುವ ಖರ್ಚು ಪ್ರಯೋಗ ಮಾಡಿದವರದ್ದೇ.

ಬಿರಿಯಾನಿ ಪ್ರಿಯ · ಬುಧವಾರ 9:00

ನಾನು ತಮಾಷೆಗೆ ಬರೆದಿದ್ದು. ಸಾರಿ ಅಕ್ಕ. ನಿಮ್ಮ ನಾಯಿ ಈಗ ಹೇಗಿದ್ದಾಳೆ?

ಬೀಗಲ್ ಅಮ್ಮ · ಬುಧವಾರ 9:04

ಸೋಫಾ ಪೂರ್ತಿ ಅವಳದ್ದೇ. ನಾವು ನೆಲದ ಮೇಲೆ.

ಹಳೇ ಮೇಷ್ಟ್ರು · ಎರಡು ವಾರದ ನಂತರ, ಶನಿವಾರ 19:10

ಹೋಗಿ ಬಂದೆ. ನಿಮ್ಮೆಲ್ಲರ ಪ್ರಶ್ನೆಗಳನ್ನೂ ಹಳೆ ಪಾಠ ಯೋಜನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದೆ.

ಮೊದಲನೆಯದು ಹಾಗಲಕಾಯಿಯೇ! ತಂಗಿ ಹೇಳಿದ್ದು ನೆನಪಾಗಿ ಒಳಗೇ ನಗು ಬಂತು. ‘ಇದು ಈಗಾಗಲೇ ಗೊತ್ತಿರುವ ವಿಷಯ ಅಲ್ವಾ, ಹೊಸದು ಏನು?’ ಅಂದೆ. ಗೈಡ್ ‘ನಮ್ಮ ಜಿಲ್ಲೆಯ ಹಾಗಲಕಾಯಿಯಲ್ಲಿ ಯಾರೂ ಮಾಡಿಲ್ಲ’ ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹೊರಗಿನಿಂದ ಬಂದಿದ್ದ ವಿಜ್ಞಾನಿಯೊಬ್ಬರು ‘ಮೇಷ್ಟ್ರು ಕೇಳಿದ್ದು ಸರಿ’ ಅಂದರು. ಅದು ವಾಪಸ್ ಹೋಯಿತು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಹುಡುಗಿಯ ಮುಖ ನೋಡಿದೆ. ಅವಳಿಗೆ ಆರು ತಿಂಗಳು ತಡವಾಗುತ್ತದೆ. ಅದಕ್ಕೂ ನಾನೇ ಕಾರಣ.

ಎರಡನೆಯದರಲ್ಲಿ ಗುಂಪಿಗೆ ಆರೇ ಯಾಕೆ ಅಂತ ಕೇಳಿದೆ. ‘ಎಲ್ಲರೂ ಆರೇ ತಗೊಳ್ಳೋದು ಸಾರ್’ ಅಂದರು. ಲೆಕ್ಕ ಹಾಕಿ ತನ್ನಿ ಅಂತ ಅಧ್ಯಕ್ಷರೇ ಹೇಳಿದರು. ಕಣ್ಣಿನ ಮೂಲೆಯಿಂದ ಐದು ಸಲ ರಕ್ತ ತೆಗೆಯುವುದಿತ್ತು. ಅದನ್ನು ಬಾಲದಿಂದ ಮಾಡಿ ಅಂತ ಅವರ ಪಶು ವೈದ್ಯರು ಹೇಳಿದರು. ಅಷ್ಟು ದಿನ ಯಾಕೆ ಹೇಳಿರಲಿಲ್ಲ ಅಂತ ಕೇಳಲು ಹೋಗಲಿಲ್ಲ. ಗವಾಜ್ ಕಲಿಸುವವರು ಯಾರು ಅನ್ನುವುದಕ್ಕೆ ಒಬ್ಬರ ಹೆಸರು ಬರೆಸಿದೆ. ಸತ್ತ ಕಾರಣಕ್ಕೆ ರಿಜಿಸ್ಟರಿನಲ್ಲಿ ಒಂದು ಕಾಲಂ ಗೀಚಿಸಿದೆ. ಸ್ಕೇಲು ಅವರ ಹತ್ತಿರ ಇರಲಿಲ್ಲ, ನನ್ನ ಬ್ಯಾಗಿನಲ್ಲಿತ್ತು.

ಮೂರನೆಯದು ನೋವಿನ ಔಷಧಿಯದ್ದು. ಸಂಧಿವಾತಕ್ಕೆ. ಆ ಹುಡುಗ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟ. ತಟ್ಟೆಯಲ್ಲಿ ನೋಡುವುದನ್ನು ಮೊದಲು ನೋಡಿ ಮುಗಿಸಿದ್ದಾನೆ. ಯಾವ ಹಂತಕ್ಕೆ ಬಂದರೆ ನಿಲ್ಲಿಸಿ ಇಲಿಯನ್ನು ನೋವಿನಿಂದ ಬಿಡಿಸುತ್ತೇನೆ ಅಂತಲೂ ಬರೆದಿದ್ದಾನೆ. ಬೇಡ ಅನ್ನಲು ನನ್ನ ಹತ್ತಿರ ಏನೂ ಉಳಿಯಲಿಲ್ಲ. 24 ಇಲಿ. ಕೊನೆಯ ಸಾಲಿನಲ್ಲಿ ಸ್ಯಾಕ್ರಿಫೈಸ್ ಹೊಡೆದು ‘ಕೊಲ್ಲುವುದು’ ಅಂತ ಬರೆಯಿರಿ, ಆಮೇಲೆ ಸಹಿ ಹಾಕುತ್ತೇನೆ ಅಂದೆ. ನಗೆಯಾಡಿದರು, ಆದರೆ ಬರೆದರು. ಸಹಿ ಹಾಕಿದೆ.

ಮನೆಗೆ ಬಂದ ಮೇಲೆ ನಮ್ಮವಳು ‘ಗೆದ್ರಾ?’ ಅಂತ ಕೇಳಿದಳು. ಊಟ ಬಡಿಸು ಅಂದೆ.

ಎಂಫಾರ್ಮ್ ಮುಗಿಸಿದವಳು · ಶನಿವಾರ 19:25

ಮೇಷ್ಟ್ರೇ, ಅನಿಮಲ್ ಹೌಸ್‌ಗೆ ಹೋದ್ರಾ? ಹೊಟ್ಟು?

ಹಳೇ ಮೇಷ್ಟ್ರು · ಶನಿವಾರ 19:31

ಹೋದೆ ಮಗಳೇ. ನಾಲ್ಕು ಗೂಡಿಗೆ ಕೈ ಹಾಕಿದೆ. ಬಾಗಿಲ ಹತ್ತಿರದ್ದು ಒಣಗಿತ್ತು. ಒಳಗಿನ ಮೂರು ಒದ್ದೆ. ಒಂದರಲ್ಲಿ ಒಂದು ಇಲಿ ಬಂದು ನನ್ನ ಬೆರಳು ಮೂಸಿ, ಅಲ್ಲೇ ಕೂತು ಮುಖ ತೊಳೆದುಕೊಳ್ಳತೊಡಗಿತು. ಮುಂದಿನ ಸಲ ಹೇಳದೆ ಹೋಗುತ್ತೇನೆ.